ನೀರಿನ ಲೆಕ್ಕ ಬಲ್ಲ ಹೂ

ಬೆಳಗ್ಗೆ ಏಳು ಗಂಟೆಗೆ ಗಜೇನಿಯಾ ಗಿಡವನ್ನು ನೋಡಿದವರಿಗೆ ಅದರಲ್ಲಿ ಮೆಚ್ಚುವಂಥದ್ದು ಏನೂ ಕಾಣುವುದಿಲ್ಲ. ನೆಲಕ್ಕೆ ಅಂಟಿಕೊಂಡ ಎಲೆಗಳ ಗುಪ್ಪೆ, ಅದರ ಮೇಲೆ ಗೇಣುದ್ದದ ನಾಲ್ಕಾರು ತೊಟ್ಟು, ತೊಟ್ಟಿನ ತುದಿಯಲ್ಲಿ ಬಿಗಿಯಾಗಿ ಸುತ್ತಿಕೊಂಡ ಹೂವು. ದಳಗಳ ಹೊರಮೈಯಲ್ಲಿ ಕಂದುಹಸಿರಿನ ಮಂಕು ಪಟ್ಟೆ ಇರುವುದರಿಂದ ಮುಚ್ಚಿದ ಹೂವು ಎಲೆಗಳ ನಡುವೆ ಗುರುತೇ ಸಿಗದಂತೆ ಸೇರಿಹೋಗಿರುತ್ತದೆ. ಒಂಬತ್ತೂವರೆ, ಹತ್ತರ ಹೊತ್ತಿಗೆ ಬಿಸಿಲು ಅಂಗಳಕ್ಕೆ ನೇರವಾಗಿ ಇಳಿದಾಗ ಅದೇ ಗಿಡದ ತುಂಬ ಎರಡು-ಮೂರು ಅಂಗುಲ ಅಗಲದ ಹಳದಿ, ಕಿತ್ತಳೆ, ಕೆಂಗಂದು ಹೂಗಳು ಬಿಚ್ಚಿಕೊಳ್ಳುತ್ತವೆ. ಪ್ರತಿ ದಳದ ಬುಡದಲ್ಲೂ ಒಂದು ಕಪ್ಪು ಮಚ್ಚೆ, ಎಷ್ಟೋ ತಳಿಗಳಲ್ಲಿ ಆ ಮಚ್ಚೆಯೊಳಗೆ ಬಿಳಿಯ ಚುಕ್ಕೆ. ಮಚ್ಚೆಗಳೆಲ್ಲ ಸೇರಿ ಹೂವಿನ ನಡುವೆ ಒಂದು ಉಂಗುರ. ಮೋಡ ಕವಿದರೆ ಎಲ್ಲವೂ ಮತ್ತೆ ಮುದುಡಿಕೊಳ್ಳುತ್ತವೆ.

ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಬಿಸಿಲಿಗೆ ಬರವಿಲ್ಲ. ನಂದಿದುರ್ಗ ಗಣಿ, ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಎಲ್ಲವೂ ಸಮುದ್ರಮಟ್ಟದಿಂದ 850 ಮೀಟರಿನ ಆಸುಪಾಸಿನಲ್ಲಿರುವ, ಮರ ವಿರಳವಾದ ಬಯಲು. ಬರ ಇರುವುದು ನೀರಿಗೆ. ಗಣಿ ನಡೆಯುತ್ತಿದ್ದ ಕಾಲಕ್ಕೆ ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ಇಲ್ಲಿಗೆ ಕೊಳವೆಯಲ್ಲಿ ನೀರು ಹರಿದು ಬರುತ್ತಿತ್ತು. ಆ ನೀರಿನಲ್ಲಿ ಅಧಿಕಾರಿಗಳ ಬಂಗಲೆಗಳ ಹುಲ್ಲುಹಾಸು, ಗುಲಾಬಿ ಮಡಿಗಳು ಬದುಕಿದವು. ಕಾರ್ಮಿಕರ ಲೈನ್ ಮನೆಗಳಿಗೆ ಬೀದಿ ನಲ್ಲಿ. ಅವರ ಮನೆ ಮುಂದೆ ಚಾಪೆ ಹಾಸುವಷ್ಟು ಜಾಗ ಇದ್ದರೆ ಅಲ್ಲೊಂದು ದಾಸವಾಳವೋ ಕನಕಾಂಬರವೋ ಪಾತ್ರೆ ತೊಳೆದ ನೀರಿನಲ್ಲೇ ಬೆಳೆಯುತ್ತಿತ್ತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿತು. ಈಗ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಎಲ್ಲಿ ಹೋದರೂ ಮಾತು ಬರುವುದು ಟ್ಯಾಂಕರಿಗೆ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೆ. ಇಂಥ ಊರಿನಲ್ಲಿ ಅಂಗಳಕ್ಕೆ ಬಣ್ಣ ಬೇಕು ಎನ್ನುವುದು ದುರಾಸೆಯೇನಲ್ಲ. ಆದರೆ ಮೊದಲು ಲೆಕ್ಕ ಹಾಕಿಕೊಳ್ಳಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳ ಒಣಗಾಳಿ ದಿನಕ್ಕೆ ಸುಮಾರು 5 ಮಿ.ಮೀ. ನೀರನ್ನು ಹಸಿರು ನೆಲದಿಂದ ಹೀರುತ್ತದೆ. ಅಂದರೆ ಹತ್ತು ಚದರ ಮೀಟರಿನ ಪುಟ್ಟ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ದಿನಾ 50 ಲೀಟರ್, ಮೂರಕ್ಕೂ ಹೆಚ್ಚು ಕೊಡ ನೀರು ಬೇಕು. ನಲ್ಲಿಯಲ್ಲಿ ದಿನ ಬಿಟ್ಟು ದಿನವೂ ನೀರು ಬಾರದ ಬೀದಿಯಲ್ಲಿ ಇದು ಆಗದ ಮಾತು. ಬೇರೂರಿದ ಗಜೇನಿಯಾ ಮಡಿಗೆ ಅದೇ ಬಿಸಿಲಿನಲ್ಲಿ ವಾರಕ್ಕೊಮ್ಮೆ ಚದರ ಮೀಟರಿಗೆ ಹತ್ತು-ಹನ್ನೆರಡು ಲೀಟರ್ ಕೊಟ್ಟರೆ ನಡೆಯುತ್ತದೆ. ಹುಲ್ಲುಹಾಸಿನ ಸುಮಾರು ಮೂರನೇ ಒಂದು ಪಾಲು ನೀರಿನಲ್ಲಿ ಆ ಗಿಡ ಹೇಗೆ ಬಾಳುತ್ತದೆ, ಅದರ ಜೊತೆಗೆ ಹೂ ಬಿಡಲು ಶಕ್ತಿಯನ್ನು ಎಲ್ಲಿಂದ ತರುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಗಜೇನಿಯಾದ ತವರು ದಕ್ಷಿಣ ಆಫ್ರಿಕ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೇ ಸೇರಿದ್ದು. ಲಿನೇಯಸ್ ಇದರ ಒಂದು ಪ್ರಭೇದವನ್ನು ಗೋರ್ಟೇರಿಯಾ ಎಂಬ ಕುಲದೊಳಗೆ ಇಟ್ಟಿದ್ದ. 1791ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಯೋಸೆಫ್ ಗೇರ್ಟ್ನರ್ ಅದನ್ನು ಬೇರ್ಪಡಿಸಿ, ಥಿಯೋಫ್ರಾಸ್ಟಸನ ಸಸ್ಯಗ್ರಂಥಗಳನ್ನು 15ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದ ಥಿಯೋಡೋರಸ್ ಗಾಜಾ ಎಂಬ ಗ್ರೀಕ್ ವಿದ್ವಾಂಸನ ಹೆಸರಿಟ್ಟ. ನರ್ಸರಿಗಳಲ್ಲಿ ಸಿಗುವ ಗಿಡಗಳು ಬಹುಪಾಲು ಮಿಶ್ರತಳಿ. ಅವುಗಳ ಹಿಂದಿರುವ ಕಾಡು ಪ್ರಭೇದಗಳಲ್ಲಿ ಎರಡನ್ನು ನೆನಪಿಡಬೇಕು. ಒಂದು ಗಜೇನಿಯಾ ರಿಜೆನ್ಸ್, ಕಡಲಂಚಿನ ಮರಳುದಿಬ್ಬಗಳಲ್ಲಿ ಉಪ್ಪುಗಾಳಿ ಕುಡಿದು ಬೆಳೆಯುವುದು. ಇನ್ನೊಂದು ಗಜೇನಿಯಾ ಕ್ರೆಬ್ಸಿಯಾನಾ, ಒಳನಾಡಿನ ಹುಲ್ಲುಗಾವಲಿನದು.

ಈ ಎರಡನೆಯದರ ಊರು ಕೆಜಿಎಫ್‌ನವರಿಗೆ ಹೊರಗಿನದು ಅನ್ನಿಸಲಾರದು. ಜೋಹಾನ್ಸ್‌ಬರ್ಗ್ ಸುತ್ತಲಿನ ಎತ್ತರದ ಹುಲ್ಲುಗಾವಲಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಲ್ಲೂ ವರ್ಷದ ಮಳೆ ಸುಮಾರು 700 ಮಿ.ಮೀ., ಕೋಲಾರ ಜಿಲ್ಲೆಯಷ್ಟೇ. ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈಹಾಕಿದ್ದು 1880ರಲ್ಲಿ. ಜೋಹಾನ್ಸ್‌ಬರ್ಗ್‌ನ ಚಿನ್ನದ ಅದಿರು ಪತ್ತೆಯಾದದ್ದು 1886ರಲ್ಲಿ. ಎರಡೂ ಕಡೆ ಬಂಡೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದು, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಬೆಟ್ಟವಾಗಿ ಸುರಿದರು. ಎರಡೂ ಕಡೆ ಗಾಳಿ ಎದ್ದ ತಿಂಗಳಲ್ಲಿ ಆ ಪುಡಿ ಮನೆಯೊಳಗೆ ಬರುತ್ತದೆ. ಇಷ್ಟೆಲ್ಲ ಹೋಲಿಕೆಯ ನಡುವೆ ಒಂದು ವ್ಯತ್ಯಾಸ ಇದೆ, ತೋಟ ಮಾಡುವವರಿಗೆ ಮುಖ್ಯವಾದದ್ದು ಅದೇ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಎಲೆ. ಗಜೇನಿಯಾದ ಒಂದು ಎಲೆಯನ್ನು ಕಿತ್ತು ಕೈಯಲ್ಲಿ ಹಿಡಿಯಿರಿ. ಮುರಿದ ಜಾಗದಿಂದ ಬಿಳಿ ಹಾಲು ಜಿನುಗುತ್ತದೆ. ಮೇಲ್ಮೈ ಕಡುಹಸಿರು, ಸ್ವಲ್ಪ ದಪ್ಪ, ಮೇಣ ಸವರಿದ ಹೊಳಪು. ಎಲೆಯನ್ನು ಮಗುಚಿದರೆ ಬೇರೆ ಗಿಡದ ಎಲೆಯೇನೋ ಅನ್ನಿಸುವಷ್ಟು ಬೆಳ್ಳಗಿನ ಅಡಿಭಾಗ. ಉಗುರಿನಿಂದ ಕೆರೆದರೆ ಬಿಳಿ ನೂಲು ಎದ್ದು ಬರುತ್ತದೆ, ಅದರ ಕೆಳಗೆ ಹಸಿರು ಕಾಣುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಸಾವಿರಾರು ಸಣ್ಣ ರೋಮಗಳ ಹೊದಿಕೆ ಅದು. ಎಲೆಯ ಅಂಚು ಕೂಡ ಕೆಳಮುಖವಾಗಿ ಸ್ವಲ್ಪ ಸುತ್ತಿಕೊಂಡಿರುತ್ತದೆ.

ಎಲೆ ಉಸಿರಾಡುವ ಪತ್ರರಂಧ್ರಗಳು ಆ ಹೊದಿಕೆಯ ಅಡಿಯಲ್ಲಿವೆ. ಯಾವ ಗಿಡವೂ ಈ ರಂಧ್ರ ತೆರೆಯದೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಪಡೆಯಲಾರದು. ತೆರೆದರೆ ನೀರಾವಿ ಹೊರಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದನ್ನು ರಂಧ್ರದ ಬಾಯಿಯ ಹತ್ತಿರದ ಗಾಳಿ ನಿರ್ಧರಿಸುತ್ತದೆ. ಒಣಗಾಳಿ ಬೀಸಿ ಬಾಯಿಯನ್ನೇ ಸವರಿಕೊಂಡು ಹೋದರೆ ನಷ್ಟ ಹೆಚ್ಚು. ಅಲ್ಲಿ ಗಾಳಿ ಅಲುಗದೆ ತೇವವಾಗಿ ನಿಂತರೆ ನಷ್ಟ ಕಡಿಮೆ. ರೋಮಗಳ ಹೊದಿಕೆ ಮಾಡುವುದು ಈ ಎರಡನೆಯ ಕೆಲಸವನ್ನು. ನಮ್ಮ ಕುರಿಗಾಹಿಗಳು ಸುಡುಬಿಸಿಲಿನಲ್ಲೂ ಕಂಬಳಿ ಹೊದ್ದು ನಡೆಯುವ ಹಾಗೆ ಇದು: ಮೈಯ ಸುತ್ತ ತನ್ನದೇ ಆದ ಒಂದು ಪದರ ಗಾಳಿ ಉಳಿದುಕೊಳ್ಳುತ್ತದೆ, ಹೊರಗಿನದು ತಾಗುವುದಿಲ್ಲ. ಕೆಲವು ತಳಿಗಳಲ್ಲಿ ಎಲೆಯ ಎರಡೂ ಬದಿ ಬೆಳ್ಳಿಬಣ್ಣದ ರೋಮ ಇರುತ್ತದೆ. ಅವು ಬಿಸಿಲನ್ನೇ ಹಿಂದಕ್ಕೆ ಎರಚಿ ಎಲೆ ಕಾಯದಂತೆ ನೋಡಿಕೊಳ್ಳುತ್ತವೆ. ಕೆಜಿಎಫ್‌ನ ಬೇಸಿಗೆಗೆ ಈ ಬೆಳ್ಳಿ ಎಲೆಯ ತಳಿ ಸಿಕ್ಕರೆ ಮೊದಲು ಅದನ್ನೇ ಕೊಳ್ಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಬರ ತಾಳುವ ಗಿಡಗಳೆಲ್ಲ ಒಂದೇ ಜಾತಿ ಎಂದು ಭಾವಿಸಿ ಗಜೇನಿಯಾವನ್ನು ಕಳ್ಳಿಯ ಪಕ್ಕದಲ್ಲಿ ಇಟ್ಟು ತಿಂಗಳುಗಟ್ಟಲೆ ಮರೆಯುವವರಿದ್ದಾರೆ. ಕಳ್ಳಿ ರಾತ್ರಿ ರಂಧ್ರ ತೆರೆದು, ಹಗಲು ಮುಚ್ಚಿಕೊಂಡು ಬದುಕುತ್ತದೆ. ಕೋಲಾರದ ಹೊಲದ ರಾಗಿ ಸಿ-4 ಎಂಬ ದ್ಯುತಿಸಂಶ್ಲೇಷಣೆಯ ದಾರಿ ಹಿಡಿದು, ಹೀರಿದ ಪ್ರತಿ ಲೀಟರಿಗೆ ಹೆಚ್ಚು ಫಸಲು ಕೊಡುತ್ತದೆ. ನಾವು ಟೇಬಲ್ ರೋಸ್ ಎನ್ನುವ, ಹತ್ತು ಗಂಟೆಗೆ ಅರಳುವ ಆ ಪುಟ್ಟ ಹೂವಿನ ಗಿಡ ಇನ್ನೂ ಜಾಣ. ಎಂದಿನಂತೆ ರಾಗಿಯ ದಾರಿ, ನೀರು ತೀರಾ ಕಡಿಮೆಯಾದರೆ ಕಳ್ಳಿಯ ದಾರಿ. ಗಜೇನಿಯಾಕ್ಕೆ ಈ ಎರಡೂ ಗೊತ್ತಿಲ್ಲ. ಭತ್ತ, ಸೂರ್ಯಕಾಂತಿಗಳ ಹಾಗೆ ಅದರದು ಸಿ-3 ದಾರಿ, ಹಗಲಿನಲ್ಲೇ ಉಸಿರಾಟ. ಅದರ ಬಂಡವಾಳವೆಲ್ಲ ಉಳಿತಾಯದ್ದು: ರೋಮದ ಹೊದಿಕೆ, ನೆಲ ಬಿಟ್ಟೇಳದ ಎಲೆಗುಪ್ಪೆ, ಆಳಕ್ಕಿಳಿಯುವ ದಪ್ಪ ಬೇರು. ಉಳಿಸುವುದಕ್ಕೆ ಮೊದಲು ಒಂದಿಷ್ಟು ಸಿಗಲೇಬೇಕು. ಆದ್ದರಿಂದಲೇ ವಾರಕ್ಕೊಮ್ಮೆಯ ಆ ನೀರು.

ಅರಳುವುದು, ಮುಚ್ಚುವುದೂ ಉಳಿತಾಯದ ಇನ್ನೊಂದು ಬಗೆ. ನಾವು ಒಂದು ಹೂ ಎನ್ನುವುದು ನಿಜಕ್ಕೂ ಹತ್ತಾರು ಕಿರುಹೂಗಳ ಗುಂಪು. ಸುತ್ತಲಿನ ಬಣ್ಣದ ದಳಗಳು ಒಂದೊಂದೂ ಒಂದು ಹೂ. ಅವು ಬಂಜೆ, ಬೀಜ ಕಟ್ಟುವುದಿಲ್ಲ, ಹುಳುಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ಬೀಜ ಕಟ್ಟುವುದು ನಡುವಿನ ಹಳದಿ ಬಟ್ಟಲಿನಲ್ಲಿರುವ ಕಿರುಹೂಗಳು. ಅವುಗಳ ಪರಾಗ ಇಬ್ಬನಿಗೋ ಮಳೆಹನಿಗೋ ಸಿಕ್ಕರೆ ಹಾಳಾಗುತ್ತದೆ. ಬೆಳಕು, ಬಿಸುಪು ಏರಿದಾಗ ದಳದ ಬುಡದಲ್ಲಿ ಒಳಮೈಯ ಜೀವಕೋಶಗಳು ಹೊರಮೈಯವಕ್ಕಿಂತ ಹೆಚ್ಚು ಹಿಗ್ಗುತ್ತವೆ, ದಳ ಹೊರಕ್ಕೆ ಬಾಗುತ್ತದೆ. ಇಳಿದಾಗ ಇದಕ್ಕೆ ವಿರುದ್ಧ. ಹೀಗೆ ಹುಳುಗಳು ಹಾರಾಡುವ ಹೊತ್ತಿಗಷ್ಟೇ ಅಂಗಡಿ ತೆರೆದಿರುತ್ತದೆ. ಕಪ್ಪು ಉಂಗುರದ ಗುಟ್ಟು ಇನ್ನೂ ಸೊಗಸು. ಗಜೇನಿಯಾದ ಹತ್ತಿರದ ಸಂಬಂಧಿ ಗೋರ್ಟೇರಿಯಾ ಡಿಫ್ಯೂಸಾದ ದಳದ ಮೇಲಿನ ಕಪ್ಪು ಮಚ್ಚೆಯನ್ನು ಒಂದು ಬಗೆಯ ಗಂಡುನೊಣಗಳು ಹೆಣ್ಣುನೊಣವೆಂದೇ ನಂಬಿ ಬಂದು ಕೂರುತ್ತವೆ, ಮೈಗೆ ಪರಾಗ ಮೆತ್ತಿಕೊಂಡು ಹಾರಿಹೋಗುತ್ತವೆ. ಆ ನೊಣಗಳು ನಮ್ಮಲ್ಲಿಲ್ಲ. ಇಲ್ಲಿ ಉಂಗುರದ ಕರೆಗೆ ಓಗೊಡುವುದು ಜೇನುಹುಳುಗಳು.

ಇಷ್ಟು ತಿಳಿದವರು ಗಿಡವನ್ನು ಮನೆಯ ಯಾವ ದಿಕ್ಕಿಗೆ ಇಡಬೇಕೆಂದು ಮತ್ತೆ ಕೇಳಬೇಕಾಗಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಗಿಡ ಬದುಕೀತು, ಹೂ ಮಾತ್ರ ಮುಚ್ಚಿಕೊಂಡೇ ಇದ್ದೀತು.

ಈಗ ಜೋಹಾನ್ಸ್‌ಬರ್ಗ್‌ಗೂ ನಮಗೂ ಇರುವ ಆ ವ್ಯತ್ಯಾಸದ ಮಾತು. ಕೆಜಿಎಫ್‌ನಲ್ಲಿ ಗಜೇನಿಯಾ ಸಾಯುವುದು ಏಪ್ರಿಲಿನಲ್ಲಿ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನಾನು ಕಂಡಂತೆ ಅದು ಹೆಚ್ಚಾಗಿ ಸಾಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಂಡರ್ಸನ್‌ಪೇಟೆಯ ಒಂದು ಮನೆಯ ಮುಂದೆ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಸಾಲಾಗಿ ಹಾಕಿದ್ದ ಗಿಡಗಳು ತಲೆ ಬಗ್ಗಿಸಿ ನಿಂತಿದ್ದವು. ಮನೆಯಾಕೆ ಕೈಯಲ್ಲಿ ಚೆಂಬು ಹಿಡಿದಿದ್ದರು. "ದಿನಾ ಎರಡೊತ್ತೂ ನೀರು ಹಾಕ್ತಾನೇ ಇದೀನಣ್ಣ, ಆದ್ರೂ ಬಾಡೋಗ್ತಾ ಅದೆ. ಇನ್ನೊಂದು ಚೆಂಬು ಹುಯ್ಲಾ?"

"ಬ್ಯಾಡಕ್ಕ. ಒಂದು ಗಿಡ ಕಿತ್ತು ನೋಡೋಣ."

ಗಿಡ ಎಳೆಯುವ ಮೊದಲೇ ಕೈಗೆ ಬಂತು. ಎಲೆಗುಪ್ಪೆ ನೆಲಕ್ಕೆ ಸೇರುವ ಕತ್ತಿನ ಭಾಗ ಕಂದಾಗಿ ಮೆತ್ತಗಾಗಿತ್ತು. ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕಳಚಿ ಬಂದು ಒಳಗಿನ ದಾರದಂಥ ನಾರು ಮಾತ್ರ ಉಳಿಯಿತು. ಮಣ್ಣಿಗೆ ಕೆಸರಿನ ಮುಗ್ಗಲು ವಾಸನೆ.

ನೀರಿನ ನಡುವೆಯೇ ನಿಂತು ಗಿಡ ಬಾಡುವುದು ಸಸ್ಯಶಾಸ್ತ್ರದ ಹಳೆಯ ಪಾಠ. ಆದರೂ ಅಂಗಳದಲ್ಲಿ ಅದನ್ನು ಕಂಡಾಗ ಯಾರ ಕೈಯಾದರೂ ಚೆಂಬಿನ ಕಡೆಗೇ ಹೋಗುತ್ತದೆ. ಬೇರು ನೀರನ್ನು ಎಳೆದುಕೊಳ್ಳಲು ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ಒಳ್ಳೆಯ ಮಣ್ಣಿನಲ್ಲಿ ಕಣಕಣದ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ. ಅವು ನೀರಿನಿಂದ ತುಂಬಿಹೋದರೆ ಆಮ್ಲಜನಕ ಬರುವ ದಾರಿ ಮುಚ್ಚಿದ ಹಾಗೆಯೇ, ಏಕೆಂದರೆ ಅದು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ನೀರೆಳೆಯುವುದನ್ನು ನಿಲ್ಲಿಸುತ್ತದೆ. ಮೇಲೆ ಎಲೆ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನಷ್ಟು ನೀರು ಹುಯ್ಯುತ್ತೇವೆ. ಪಿಥಿಯಂ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗಳಿಗೆ ಕಾಯುತ್ತಿದ್ದ ಸಮಯ ಅದು. ಅವುಗಳ ಬೀಜಾಣುಗಳಿಗೆ ಈಜುವ ಬಾಲಗಳಿವೆ, ನಿಂತ ನೀರಿನಲ್ಲಿ ಬೇರಿನಿಂದ ಬೇರಿಗೆ ತೇಲಿಕೊಂಡು ಹೋಗುತ್ತವೆ. ತವರಿನ ಮರಳುದಿಬ್ಬದಲ್ಲಿ ಬಿದ್ದ ಮಳೆ ಗಳಿಗೆಯೊಳಗೆ ಇಳಿದುಹೋಗುತ್ತಿದ್ದುದರಿಂದ ಇಂಥ ಶತ್ರುವನ್ನು ಎದುರಿಸುವ ಕಸುವು ಗಜೇನಿಯಾಕ್ಕೆ ಹೆಚ್ಚಿಲ್ಲ.

ಕೋಲಾರ ಜಿಲ್ಲೆಯ ಮಳೆ ವರ್ಷವಿಡೀ ಹಂಚಿ ಬರುವುದಿಲ್ಲ. ಸುಮಾರು ಅರ್ಧ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ನೈಋತ್ಯ ಮುಂಗಾರಿನ ಕೊನೆ ಮತ್ತು ಹಿಂಗಾರಿನ ಮೊದಲು ಸೇರುವ ಹೊತ್ತಿನಲ್ಲಿ ಸುರಿಯುತ್ತದೆ. ಜೋಹಾನ್ಸ್‌ಬರ್ಗ್‌ನ ಮಳೆಯೂ ಒಂದೇ ಋತುವಿನದು, ಆದರೆ ಅಲ್ಲಿ ಮಳೆ ನಿಂತ ಮೇಲೆ ಕೊರೆವ ಒಣಚಳಿ ಬಂದು ನೆಲದ ರೋಗಗಳನ್ನೆಲ್ಲ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ನಮ್ಮಲ್ಲಿ ಮಳೆಯ ಹಿಂದೆ ಬೆಚ್ಚನೆಯ ರಾತ್ರಿ, ತೇವದ ಗಾಳಿ, ಇಬ್ಬನಿ. ಆದ್ದರಿಂದ ಗಜೇನಿಯಾ ಬೆಳೆಸುವ ಕಲೆ ಇಲ್ಲಿ ಅರ್ಧದಷ್ಟು ಬೇಸಿಗೆಯನ್ನು ದಾಟಿಸುವುದು, ಇನ್ನರ್ಧ ಮಳೆಗಾಲವನ್ನು ದಾಟಿಸುವುದು. ಎರಡನೆಯದೇ ಕಷ್ಟ.

ಉಪಾಯ ಮಣ್ಣಿನಲ್ಲಿದೆ. ಮಡಿಯನ್ನು ಅಂಗಳದ ಮಟ್ಟಕ್ಕಿಂತ ಆರೆಂಟು ಅಂಗುಲ ಎತ್ತರಿಸಿ. ಈ ಕಡೆಯ ಕೆಂಪು ಗರಸು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಗೊಬ್ಬರ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಹೂ ಕಡಿಮೆಯಾಗುತ್ತದೆ, ಮೆದುವಾದ ಎಲೆಗೆ ಸಸ್ಯಹೇನು ಮುತ್ತುತ್ತದೆ. ಗಿಡದ ಬುಡಕ್ಕೆ ಹುಲ್ಲು, ತರಗೆಲೆ ಮುಚ್ಚುವ ಅಭ್ಯಾಸ ಬೇರೆ ಗಿಡಗಳಿಗೆ ಒಳ್ಳೆಯದು. ಇದಕ್ಕೆ ಸಣ್ಣ ಜಲ್ಲಿ ಹರಡಿ, ಕತ್ತು ಒಣಗಿರುತ್ತದೆ. ಬೋರ್‌ವೆಲ್ ನೀರು ಸ್ವಲ್ಪ ಉಪ್ಪಾಗಿದ್ದರೂ ಚಿಂತೆ ಬೇಡ, ಕಡಲಂಚಿನ ರಕ್ತ ಇದರಲ್ಲಿದೆ.

ಮರಳಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆ ಪಕ್ಕದಲ್ಲೇ ಸೈನೈಡ್ ಗುಡ್ಡ, ಅಂದರೆ ಗಣಿಯ ಆ ಪುಡಿಯ ರಾಶಿ, ಇರುವವರಿಗೆ ಅಲ್ಲಿಂದ ನಾಲ್ಕು ಬಾಂಡ್ಲಿ ತಂದು ಮಡಿಗೆ ಬೆರೆಸೋಣ ಅನ್ನಿಸುವುದು ಸಹಜ. ಖಂಡಿತ ಬೇಡ. ನೋಡಲು ಮರಳಾದರೂ ಅದು ಗಿರಣಿಯಲ್ಲಿ ನುಣ್ಣಗೆ ಅರೆದ ಬಂಡೆ. ಕಣಗಳು ಸಣ್ಣವಾದ್ದರಿಂದ ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟುತ್ತದೆ, ನೀರು ಬಸಿಯುವುದಿಲ್ಲ. ಜೀವಾಂಶ ಒಂದಿಷ್ಟೂ ಇಲ್ಲ. ಅದಿರಿನಲ್ಲಿದ್ದ ಲೋಹಗಳು, ಸಂಸ್ಕರಣೆಯ ಉಳಿಕೆಗಳು ಇರಬಹುದು. ಮಕ್ಕಳು ಆಡುವ ಅಂಗಳಕ್ಕೆ ಅದನ್ನು ಹೊತ್ತು ತರುವುದು ಹೂವಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆರೋಗ್ಯದ ಪ್ರಶ್ನೆಯಾಗುತ್ತದೆ. ಗುಡ್ಡದ ಧೂಳು ಎಲೆ ಮೇಲೆ ಕೂತಾಗ ಮುಂಜಾನೆ ಒಮ್ಮೆ ನೀರು ಚಿಮುಕಿಸಿ ತೊಳೆದರೆ ಸಾಕು, ಬಿಸಿಲೇರುವಷ್ಟರಲ್ಲಿ ಒಣಗುತ್ತದೆ.

ಬಿತ್ತನೆಗೆ ಗಣೇಶನ ಹಬ್ಬದ ಆಸುಪಾಸು ಸರಿಯಾದ ಕಾಲ. ಮಳೆಯ ಹನಿ ತಾಗದ ಸೂರಿನಡಿ ಟ್ರೇಯಲ್ಲಿ ಬಿತ್ತಿ, ಬೀಜ ಕಾಣದಂತೆ ತೆಳುವಾಗಿ ಮಣ್ಣು ಮುಚ್ಚಬೇಕು, ಕತ್ತಲಲ್ಲಿ ಅದು ಚೆನ್ನಾಗಿ ಮೊಳೆಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಂಟರಿಂದ ಹದಿನಾಲ್ಕು ದಿನ. ದೀಪಾವಳಿಯ ಮಳೆ ಕಳೆದ ಮೇಲೆ ಮಡಿಗೆ, ಒಂದೊಂದು ಅಡಿ ಅಂತರದಲ್ಲಿ. ಮೊದಲ ಮೂರ್ನಾಲ್ಕು ವಾರ ಎರಡು ದಿನಕ್ಕೊಮ್ಮೆ ನೀರು ಬೇಕು. ಬೇರು ಇಳಿಯುವ ಮುಂಚೆ ಗಜೇನಿಯಾ ಕೂಡ ಉಳಿದ ಗಿಡಗಳ ಹಾಗೆಯೇ. ಆಮೇಲೆ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ತುದಿಗೂ ತಂಪು ಸಿಗದಿದ್ದರೆ ಮಾತ್ರ ಬುಡಕ್ಕೆ ನಿಧಾನವಾಗಿ ಧಾರಾಳ ನೀರು. ದಿನಾ ಚೂರುಚೂರು ಕೊಟ್ಟರೆ ಬೇರು ಮೇಲ್ಮಣ್ಣಿನಲ್ಲೇ ಉಳಿದು ಮಾರ್ಚ್ ಬಿಸಿಲಿಗೆ ಸುಟ್ಟುಹೋಗುತ್ತದೆ. ಸಂಕ್ರಾಂತಿಯ ಸುಮಾರಿಗೆ ಮೊದಲ ಹೂ, ಯುಗಾದಿಯವರೆಗೆ ಭರ್ತಿ.

ಹೂವು ಕಳೆದ ತೊಟ್ಟುಗಳನ್ನು ಆಗಾಗ ಬುಡದಿಂದ ಚಿವುಟಿ ತೆಗೆಯುತ್ತಿರಬೇಕು. ಹೊಸ ಹೂ ಬರಲು ಇದು ಸಹಾಯ. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಬಲಿತ ಬೀಜದ ಮೈತುಂಬ ರೋಮ ಇರುತ್ತದೆ, ಗಾಳಿಯಲ್ಲಿ ಹೋಗುತ್ತದೆ. ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ ಗಜೇನಿಯಾ ತೋಟದ ಬೇಲಿ ದಾಟಿ, ರಸ್ತೆ ಬದಿ, ಹೊಲ, ಹುಲ್ಲುಗಾವಲಿಗೆ ಇಳಿದು ಇಂದು ಅಧಿಕೃತವಾಗಿ ಕಳೆ ಎನಿಸಿಕೊಂಡಿದೆ. ಲಂಟಾನವೂ ನಮ್ಮ ನಾಡಿಗೆ ಬಂದದ್ದು ತೋಟದ ಅಲಂಕಾರಕ್ಕೆಂದೇ. ಈಗ ಕಾಡಿಗೆ ಕಾಡನ್ನೇ ನುಂಗಿದೆ. ಕೋಲಾರದ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ತಂಗಡಿ, ತುಂಬೆ, ಎಕ್ಕ ಯಾರ ನೀರನ್ನೂ ಕೇಳದೆ ಬೆಳೆದಿವೆ. ಅವುಗಳ ಜಾಗಕ್ಕೆ ನಮ್ಮ ಅಂಗಳದ ಹೂ ಹೋಗಬಾರದು. ಗಣಿ ಮುಚ್ಚಿದ ಮೇಲೆ ಪಾಳುಬಿದ್ದ ನೆಲ ಇಲ್ಲಿ ಸಾಕಷ್ಟಿದೆ, ಅಂಥ ನೆಲವೇ ಕಳೆಗೆ ಮೊದಲ ಮೆಟ್ಟಿಲು. ಆದ್ದರಿಂದ ಒಣಗಿದ ತಲೆಗಳನ್ನು ತಿಪ್ಪೆಗೆ ಎಸೆಯದೆ ಸುಟ್ಟುಬಿಡಿ. ಬೇಕಾದ ಬೀಜವನ್ನು ಮಾತ್ರ ಕಾಗದದ ಪೊಟ್ಟಣದಲ್ಲಿ ಎತ್ತಿಡಿ. ಮಿಶ್ರತಳಿಯ ಬೀಜದಿಂದ ಬರುವ ಗಿಡ ತಾಯಿಯ ಬಣ್ಣವನ್ನೇ ಕೊಡುತ್ತದೆಂಬ ಭರವಸೆ ಇಲ್ಲ.

ಮೆಚ್ಚಿದ ಬಣ್ಣ ಕೈತಪ್ಪಬಾರದು ಎಂದರೆ ಜೂನ್‌ನಲ್ಲಿ, ಮಳೆ ಜೋರಾಗುವ ಮುಂಚೆ, ಎಲೆಗುಪ್ಪೆಯ ಬದಿಯಿಂದ ಎದ್ದ ಸಣ್ಣ ಕವಲನ್ನು ಚಾಕುವಿನಿಂದ ಕೊಯ್ದು, ಕೆಳಗಿನ ಎಲೆ ಬಿಡಿಸಿ, ಹಾಲು ಒಣಗಲು ಅರ್ಧ ದಿನ ನೆರಳಿನಲ್ಲಿಟ್ಟು, ಮರಳು ತುಂಬಿದ ಪುಟ್ಟ ಕುಂಡಕ್ಕೆ ಚುಚ್ಚಿ. ಕುಂಡ ಸೂರಿನಡಿ ಇರಲಿ, ಬೆಳಗಿನ ಬಿಸಿಲು ತಾಗಲಿ. ಮಡಿಯಲ್ಲಿರುವ ದೊಡ್ಡ ಗಿಡ ಅಕ್ಟೋಬರಿನ ಮಳೆಯನ್ನು ದಾಟಿದರೆ ಸಂತೋಷ. ದಾಟದಿದ್ದರೆ ದೀಪಾವಳಿ ಕಳೆದ ಮೇಲೆ ಅದರ ಜಾಗಕ್ಕೆ ಹಾಕಲು ಈ ಕುಂಡದ ಗಿಡ ಬೇರುಬಿಟ್ಟು ತಯಾರಾಗಿರುತ್ತದೆ.